ಹನ್ನೆರಡು ಡಬ್ಬಗಳ ಗಾಳಿ

ಕಂಪ್ಯೂಟರ್ ಡಬ್ಬದ ಪಕ್ಕದ ತಗಡು ಬಿಚ್ಚಿ ಒಳಗೆ ನೋಡಿದವಳೇ ನಾನು ನಕ್ಕುಬಿಟ್ಟೆ. ಫಾಲನಿಕೊ ಮೇಷ್ಟ್ರು ಟಾರ್ಚ್ ಹಿಡಿದು ಪಕ್ಕದಲ್ಲೇ ನಿಂತಿದ್ದರು.

"ಏನಮ್ಮ ಪೆಲೆ, ಸಣ್ಣ ರಿಪೇರಿನಾ?"

"ರಿಪೇರಿ ಮಾಡೋಕೆ ಒಳಗೆ ಏನಾದ್ರೂ ಇರ್ಬೇಕಲ್ಲ ಮೇಷ್ಟ್ರೇ."

ಕರೆಂಟು ತೆಗೆದುಕೊಳ್ಳುವ ಪವರ್ ಸಪ್ಲೈ ಒಂದಿತ್ತು. ಮುಂಭಾಗದಲ್ಲಿ ಬಣ್ಣದ ದೀಪ ಕೂಡಿಸಿದ ಮೂರು ಫ್ಯಾನುಗಳಿದ್ದವು. ಅಷ್ಟೆ. ಮದರ್‌ಬೋರ್ಡ್ ಇಲ್ಲ, ಡಿಸ್ಕ್ ಇಲ್ಲ, ಬೋರ್ಡು ಕೂರಿಸುವ ಜಾಗದಲ್ಲಿ ಒಂದು ಸ್ಕ್ರೂ ಗುರುತು ಸಹ ಇಲ್ಲ. ಎರಡನೆಯದನ್ನು ಬಿಚ್ಚಿದೆ, ಮೂರನೆಯದನ್ನು ಬಿಚ್ಚಿದೆ. ಹನ್ನೆರಡೂ ಹಾಗೆಯೇ. ಮೇಲೆ ಥಳಕು ಒಳಗೆ ಹುಳುಕು ಅನ್ನುತ್ತಾರಲ್ಲ, ಇಲ್ಲಿ ಹುಳುಕಿಗೂ ಗತಿಯಿರಲಿಲ್ಲ. ಆ ಹೊತ್ತಿಗೆ ನನ್ನ ನಗು ನಿಂತು ಮೈಯೆಲ್ಲ ಉರಿಯತೊಡಗಿತ್ತು.

ಆಗ ಬೆಳಿಗ್ಗೆ ಏಳು ಗಂಟೆ. ಹತ್ತಕ್ಕೆ ಎತುವಾತಿ ಈ ಹನ್ನೆರಡು ಕಂಪ್ಯೂಟರುಗಳನ್ನು ನಮ್ಮ ವಾಯ್ತೋಲು ಶಾಲೆಗೆ ಒಪ್ಪಿಸುವವನಿದ್ದ. ಅವನು ಈ ಊರಲ್ಲೇ ಹುಟ್ಟಿ, ಹದಿನಾರಕ್ಕೆ ಆಕ್ಲೆಂಡಿಗೆ ಹೋದವನು. ಬದಲಿಗೆ ಊರು ಅವನಿಗೆ ಮತಾಯ್ ಪಟ್ಟ ಕಟ್ಟುವುದು, ಅಂದರೆ ಯಜಮಾನರ ಸಾಲಿನಲ್ಲಿ ಕೂರಿಸುವುದು, ಜೊತೆಗೆ ತೋಗ ಚಾಪೆಗಳನ್ನು, ಅಂದರೆ ಹಾಸಿ ಕೂರಲು ಅಲ್ಲದೆ ಸಾವಿಗೂ ಪಟ್ಟಕ್ಕೂ ಮರ್ಯಾದೆಯ ಕಾಣಿಕೆಯಾಗಿ ಹೋಗುವ ಚಾಪೆಗಳನ್ನು, ಕೊಡುವುದು ಎಂದು ಮಾತಾಗಿತ್ತು.

ಆ ಚಾಪೆಗಳಲ್ಲಿ ಎಲ್ಲಕ್ಕಿಂತ ಮೇಲಿನದು ನನ್ನ ಅಮ್ಮನದು. ಕೇದಗೆ ಎಲೆಯನ್ನು ದಾರದಷ್ಟು ಸಣ್ಣಗೆ ಸೀಳಿ ನಾಲ್ಕು ವರ್ಷ ಹೆಣೆದದ್ದು. ಹಿಡಿದರೆ ರೇಷ್ಮೆ. ಅದನ್ನು ಹೆಣೆಯುತ್ತಲೇ ಅಮ್ಮನ ಎಡಗಣ್ಣು ಮಂಜಾಯಿತು. ತಾನು ಸತ್ತ ದಿನ ತವರಿನವರು ಬರುತ್ತಾರೆ, ಅವರ ಕೈಗೆ ಕೊಡಲು ಇರಲಿ ಎಂದು ಇಟ್ಟುಕೊಂಡಿದ್ದಳು. ಬೇರೆ ಊರಿಂದ ಬಂದ ಸೊಸೆ ಅವಳು. ನಲವತ್ತು ವರ್ಷ ನಮ್ಮ ಹೆಣ್ಣಿನಿಂದ ದುಡಿಸಿಕೊಂಡು ಬರಿಗೈಲಿ ಕಳಿಸಿದರು ಎಂದು ತವರಿನವರು ಆಡಿಕೊಳ್ಳಬಾರದು, ಅವಳಿಗೆ ಅದೊಂದೇ ಹಟ. ಹೋದ ವಾರ ತಪುಸೋವ ದೊಡ್ಡಪ್ಪ ಬಂದು, "ಊರಿನ ಮರ್ಯಾದೆ ಪ್ರಶ್ನೆ, ಅತ್ತಿಗೆ-ನಾದಿನಿಯರ ಚಾಪೆಗಳು ನಿನ್ನದರ ಮುಂದೆ ಗೋಣಿಚೀಲ," ಎಂದು ಹೊಗಳಿ ಕೇಳಿದ್ದ. ಸೊಸೆಯಾದವಳು ಇಲ್ಲ ಅನ್ನುವುದುಂಟೆ? ಆದರೂ ಅಮ್ಮ ಮನಸ್ಸಿಟ್ಟೇ ಒಪ್ಪಿದ್ದಳು. "ಮಕ್ಕಳ ವಿದ್ಯೆಗೆ ಹೋಗತ್ತಲ್ಲ, ಹೋಗ್ಲಿ ಬಿಡು," ಎಂದಿದ್ದಳು.

ಡಬ್ಬಗಳು ಬಂದು ಹನ್ನೆರಡು ದಿನವಾಗಿತ್ತು. ಪಾದ್ರಿ ಮನೆಯ ಜಗಲಿಯಲ್ಲಿ ರಟ್ಟಿನ ಪೆಟ್ಟಿಗೆಯೊಳಗೆ ಭದ್ರವಾಗಿದ್ದವು. ಯಾರೂ ಮುಟ್ಟಿರಲಿಲ್ಲ. ಕೊಟ್ಟವನು ಬಂದು, ಸಭೆಯಲ್ಲಿ ಕೂಗಿ ಹೇಳುವ ಮುಂಚೆ ಉಡುಗೊರೆ ಬಿಚ್ಚಿ ನೋಡುವುದು ನಮ್ಮಲ್ಲಿ ಆಸೆಬುರುಕರ ಕೆಲಸ. ಅದೂ ಅಲ್ಲದೆ, ಕಂಪ್ಯೂಟರಿನ ಪರದೆಗಳು ಮುಂದಿನ ಹಡಗಿಗೆ ಬರುತ್ತವೆ, ಅಲ್ಲಿಯ ತನಕ ಸ್ವಿಚ್ಚು ಹಾಕಲೇಬೇಡಿ ಎಂದು ಎತುವಾತಿ ಹೇಳಿಕಳಿಸಿದ್ದ. ಆದರೆ ಮೇಷ್ಟ್ರಿಗೆ ಆತುರ. ಮೂರು ಊರಿನ ಅತಿಥಿಗಳ ಮುಂದೆ ಬಣ್ಣದ ದೀಪವಾದರೂ ಮಿನುಗಲಿ ಎಂದು ಹಿಂದಿನ ಸಂಜೆ ಅವನ್ನು ಶಾಲೆಗೆ ಹೊರಿಸಿ ತಂದು, ರಟ್ಟು ಬಿಚ್ಚಿ, ಮೇಜಿನ ಮೇಲೆ ಸಾಲಾಗಿಟ್ಟು, ಬಟನ್ ಒತ್ತಿ ನೋಡಿದ್ದರು. ಹತ್ತಲಿಲ್ಲ. ಆಮೇಲೆ ನನಗೆ ಫೋನು. ಸಲೆಲೊಲೊಗ ಮಾರ್ಕೆಟ್ಟಿನ ಪಕ್ಕ ನನ್ನ ರಿಪೇರಿ ಅಂಗಡಿ, ಇಡೀ ಸವಾಯಿ ದ್ವೀಪದ ಕೆಟ್ಟ ಕಂಪ್ಯೂಟರುಗಳೆಲ್ಲ ಬಂದು ಬೀಳುವುದು ನನ್ನ ಮುಂದೆಯೇ.

ಮೇಷ್ಟ್ರು ಓಡಿಹೋಗಿ ತಪುಸೋವ ದೊಡ್ಡಪ್ಪನನ್ನು ಕರೆತಂದರು. ದೊಡ್ಡಪ್ಪ ಊರಿನ ಮಾತುಗಾರ ಯಜಮಾನ, ಸಭೆಯಲ್ಲಿ ಊರಿನ ಪರವಾಗಿ ಮಾತಾಡುವವನು. ಸಭೆಗೆಂದು ಆಗಲೇ ಮೈಗೆಲ್ಲ ಎಣ್ಣೆ ಸವರಿಕೊಂಡು, ಕೈಯಲ್ಲಿ ಕೋಲು ಹಿಡಿದು ತಯಾರಾಗಿದ್ದ. ನಾನು ಒಂದು ಡಬ್ಬವನ್ನು ಅವನತ್ತ ತಿರುಗಿಸಿದೆ.

"ನೋಡಿ ದೊಡ್ಡಪ್ಪ. ಇದು ಕಂಪ್ಯೂಟರ್ ಅಲ್ಲ. ಅಂಗಡಿ ಕಿಟಕೀಲಿ ಚೆಂದಕ್ಕೆ ಇಡೋ ಡಬ್ಬ. ಕೋಳಿ ಸಾಕ್ಬಹುದು ಇದ್ರಲ್ಲಿ."

ಅವನು ಬಗ್ಗಿ ನೋಡಿದ. ಏನು ಅರ್ಥವಾಯಿತೋ ಏನೋ.

"ಬಿಚ್ಚು ಅಂತ ನಿನಗೆ ಹೇಳಿದ್ಯಾರು?"

"ಬಿಚ್ಚದಿದ್ರೆ ಗೊತ್ತಾಗ್ತಿತ್ತಾ?"

"ಅದಕ್ಕೇ ಹೇಳೋದು ಬಿಚ್ಬಾರ್ದು ಅಂತ! ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಿಲಿಗೆ ಹೋಗಿ ಮೊಳ ಹಾಕಿದ್ರಂತೆ. ನೀನೂ ಅದೇ ಜಾತಿ."

"ದಟ್ಟಿನೇ ಇಲ್ಲ ದೊಡ್ಡಪ್ಪ! ಮೊಳ ಹಾಕೋಕೆ ಏನಿದೆ? ಪಟ್ಟ ಕಟ್ಬೇಡಿ. ಅಮ್ಮನ ಚಾಪೆ ಅಮ್ಮನ ಹತ್ರನೇ ಇರ್ಲಿ."

"ಹಂದಿಗಳು ಕಲ್ಲೊಲೆಯಲ್ಲಿ ಬೇಯ್ತಿವೆ ಕಣೆ. ಮೂರು ಊರವರು ಬಸ್ ಇಳೀತಿದಾರೆ. ಎತುವಾತಿ ತಾಯಿ ಮುಂದಿನ ಸಾಲಲ್ಲಿ ಕೂತಿದಾಳೆ, ಎಂಬತ್ತು ವರ್ಷದ ಮುದುಕಿ. ಈಗ ಹೋಗಿ ನಿನ್ನ ಮಗ ಕಳ್ಳ ಅಂತ ನಾನು ಕೂಗ್ಲಾ? ಇನ್ಮೇಲೆ ಆಕ್ಲೆಂಡಿಂದ ಯಾವನಾದ್ರೂ ಈ ಶಾಲೆಗೆ ಒಂದು ಪೆನ್ಸಿಲ್ ಕಳಿಸ್ತಾನಾ?"

ನಾನು ಬಾಯಿ ತೆರೆದೆ. ಅವನು ಕೋಲೆತ್ತಿ ತಡೆದ. ದೊಡ್ಡಪ್ಪ ಸುಮ್ಮನೆ ಮಾತುಗಾರನಾಗಿಲ್ಲ, ಯಾರಿಗೆ ಎಲ್ಲಿ ಚುಚ್ಚಬೇಕು ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತು.

"ಸರಿ ಬಿಡು. ಎಂಟು ವರ್ಷ ಆಕ್ಲೆಂಡಲ್ಲಿದ್ದು ಏನು ಕಡಿದು ಕಟ್ಟೆ ಹಾಕಿದೆಯೋ ನಾ ಕಾಣೆ. ಒಂದು ಫ್ಯಾನು ತಿರುಗ್ಸೋಕೂ ನಿನ್ನ ಕೈಲಾಗಲ್ಲ ಅಂತ ಹೇಳು, ಸಾಕು."

"ಯಾರು ಹೇಳಿದ್ದು ಆಗಲ್ಲ ಅಂತ?"

ಈ ಹಾಳು ನಾಲಿಗೆ! ಎಂಟು ವರ್ಷ ಗುಜರಿ ಅಂಗಡಿಯಲ್ಲಿ ಜನ ಎಸೆದದ್ದನ್ನು ಬದುಕಿಸಿದವಳು ನಾನು. ನಿನ್ನ ಕೈಲಾಗಲ್ಲ ಅಂದರೆ ನನಗೆ ಮೂಗಿನ ತುದಿಯಲ್ಲಿ ಸಿಟ್ಟು. ದೊಡ್ಡಪ್ಪ ಗೆದ್ದವನ ನಡಿಗೆಯಲ್ಲಿ ಹೊರಟುಹೋದ.

ಅದೇನು ದೊಡ್ಡ ವಿದ್ಯೆಯಲ್ಲ. ಮದರ್‌ಬೋರ್ಡ್ ಇಲ್ಲದೆ ಪವರ್ ಸಪ್ಲೈ ಎಚ್ಚರವಾಗುವುದಿಲ್ಲ, ಬೋರ್ಡಿನಿಂದ ಕರೆ ಬರಲಿ ಎಂದು ಕಾಯುತ್ತಿರುತ್ತದೆ. ಅದರ ದೊಡ್ಡ ಪ್ಲಗ್ಗಿನಲ್ಲಿ ಹಸಿರು ವೈರು ಒಂದೇ ಒಂದಿರುತ್ತದೆ. ಹಸಿರಿನ ತೂತಿಗೂ ಯಾವುದಾದರೊಂದು ಕಪ್ಪು ವೈರಿನ ತೂತಿಗೂ ಬಗ್ಗಿಸಿದ ಪೇಪರ್ ಕ್ಲಿಪ್ ಚುಚ್ಚಿದರೆ, ಬೋರ್ಡೇ ಕರೆಯಿತೆಂದು ನಂಬಿ ಅದು ಕರೆಂಟು ಬಿಡುತ್ತದೆ. ಮೇಷ್ಟ್ರ ಹಾಜರಿ ಕಡತದಿಂದ ಹನ್ನೆರಡು ಕ್ಲಿಪ್ ಕಿತ್ತುಕೊಂಡೆ. ಎಂಟು ಡಬ್ಬಗಳ ಫ್ಯಾನುಗಳು ನೇರವಾಗಿ ಪವರ್ ಸಪ್ಲೈಗೇ ಸಿಕ್ಕಿಸುವಂಥವು. ಉಳಿದ ನಾಲ್ಕರವು ಬೋರ್ಡಿಗೆ ಚುಚ್ಚುವ ಜಾತಿ, ಅವುಗಳ ವೈರು ಕತ್ತರಿಸಿ, ಹಳದಿಗೂ ಕಪ್ಪಿಗೂ ಸುತ್ತಿ, ಟೇಪು ಹಚ್ಚಿದೆ. ಕ್ಲಿಪ್ಪು ಕಳಚದಂತೆ ಅದಕ್ಕೂ ಟೇಪು. ತಗಡು ಮುಚ್ಚಿ ಸ್ಕ್ರೂ ಬಿಗಿದೆ. ಗೋಡೆಯ ಸ್ವಿಚ್ಚು ಹಾಕಿದಾಗ ಹನ್ನೆರಡೂ ಡಬ್ಬಗಳು ಒಟ್ಟಿಗೆ ಝುಮ್ಮೆಂದು ತಿರುಗಿದವು. ನೀಲಿ, ಕೆಂಪು, ಹಸಿರು ದೀಪ. ಮೇಷ್ಟ್ರು ಚಪ್ಪಾಳೆ ತಟ್ಟಿಬಿಟ್ಟರು. ಸುಳ್ಳು ಯಾಕೆ ಹೇಳಲಿ, ಆ ಒಂದು ಗಳಿಗೆ ನನಗೂ ಖುಷಿಯಾಯಿತು.

ಹತ್ತಕ್ಕೆ ಸಭೆ ಕೂಡಿತು. ಶಾಲೆಯ ಬಾಗಿಲ ಬಳಿ ಹೆಂಗಸರು ಚಾಪೆಗಳನ್ನು ಹೊತ್ತು ಸಾಲಾಗಿ ನಿಂತಿದ್ದರು, ಎಲ್ಲರಿಗಿಂತ ಮುಂದೆ ಅಮ್ಮ. ಚಾಪೆಯ ಕೆಂಪು ಹಕ್ಕಿಗರಿಯ ಅಂಚು ಅವಳ ಮೊಣಕೈ ಮೇಲೆ ಇಳಿಬಿದ್ದಿತ್ತು. ನಾನು ಪಕ್ಕದಿಂದ ನುಸುಳಿ ಹೋಗುತ್ತಿದ್ದೆ.

"ಪೆಲೆ," ಎಂದು ಕರೆದಳು. ಸಣ್ಣ ದನಿಯವಳು, ಅವತ್ತು ಎಲ್ಲರಿಗೂ ಕೇಳುವ ಹಾಗೆ ಕರೆದಳು. ಹಿಂದಿದ್ದ ಅತ್ತೆಯರು, ಬಾಗಿಲೊಳಗೆ ಕೂತಿದ್ದ ಇಬ್ಬರು ಯಜಮಾನರು ತಿರುಗಿ ನೋಡಿದರು. "ನೀನೇ ಬಿಚ್ಚಿ ನೋಡಿದ್ಯಂತೆ. ಒಳಗೆ ಎಲ್ಲಾ ಸರಿಯಿದ್ಯಾ?"

ದೊಡ್ಡಪ್ಪ ಅಲ್ಲೇ ಕೋಲೂರಿ ನಿಂತಿದ್ದ. ನನ್ನ ಕಡೆ ನೋಡಲೂ ಇಲ್ಲ.

"ಸರಿಯಿದೆ ಅಮ್ಮ."

"ಮಕ್ಕಳು ಅದ್ರಲ್ಲಿ ಕಲೀಬಹುದಾ?"

"ಕಲೀಬಹುದು."

ಅಮ್ಮ "ಹಾಗಾದ್ರೆ ಸರಿ," ಎಂದು ಚಾಪೆಯನ್ನು ಎದೆಯ ಮೇಲಕ್ಕೆ ಏರಿಸಿಕೊಂಡಳು.

ಎತುವಾತಿ ಅಗಲ ಮುಖದ, ನಗುನಗುತ್ತಾ ಮಾತಾಡುವ ಮನುಷ್ಯ. ಹೊರಗೆ ಉಡುಗೊರೆಗಳನ್ನು ಕೂಗಿ ಹೇಳುವವನು "ಹನ್ನೆರಡು ಕಂಪ್ಯೂಟರ್! ಹನ್ನೆರಡು!" ಎಂದು ಗಂಟಲು ಹರಿಯುವ ಹಾಗೆ ಸಾರುತ್ತಿದ್ದ. ಅಷ್ಟರಲ್ಲಿ ಮೇಷ್ಟ್ರು ಎತುವಾತಿಯನ್ನು ಡಬ್ಬಗಳಿದ್ದ ಕೋಣೆಯೊಳಗೆ ಕರೆತಂದರು. ತಿರುಗುತ್ತಿದ್ದ ಫ್ಯಾನುಗಳನ್ನು ಕಂಡದ್ದೇ ಅವನ ನಗು ಆರಿತು. ಆಮೇಲೆ ಮೆಲ್ಲಗೆ ಹೋಗಿ ಒಂದು ಡಬ್ಬದ ಮುಂದೆ ಅಂಗೈ ಹಿಡಿದ. ಗಾಳಿ ಬರುತ್ತಿತ್ತು. ಮೂಲೆಯಲ್ಲಿ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದ ನನ್ನ ಹತ್ತಿರ ಬಂದ.

"ನೀನಾ ತಂಗಿ ಮಾಡಿದ್ದು?" ಎಂದ ಪಿಸುದನಿಯಲ್ಲಿ.

"ಹೌದು."

"ಹಸಿರಿಗೂ ಕಪ್ಪಿಗೂ?"

ಯಾರೋ ಇವನಿಗೇ ಮೋಸ ಮಾಡಿ ಮಾರಿರಬಹುದು ಎಂದು ಅಲ್ಲಿಯ ತನಕ ಮನಸ್ಸಿನ ಮೂಲೆಯಲ್ಲಿ ಒಂದು ಸಣ್ಣ ಆಸೆ ಇಟ್ಟುಕೊಂಡಿದ್ದೆ. ಇಲ್ಲ, ಇವನಿಗೆ ಎಲ್ಲ ಗೊತ್ತಿತ್ತು. ನಾವು ಬಿಚ್ಚುವುದಿಲ್ಲ ಅನ್ನುವುದೂ ಗೊತ್ತಿತ್ತು. ಬಿಚ್ಚಿದರೂ ಬಾಯಿ ಬಿಡುವುದಿಲ್ಲ ಅನ್ನುವುದೂ ಗೊತ್ತಿತ್ತು. ನಮ್ಮ ನಡುವೆ ಹುಟ್ಟಿದವನಲ್ಲವೇ!

"ಬುದ್ಧಿವಂತೆ ಕಣೆ ನೀನು," ಎಂದು ನನ್ನ ಭುಜ ತಟ್ಟಿ, ಹಳೆಯ ನಗುವನ್ನು ಮತ್ತೆ ಮುಖಕ್ಕೆ ತಂದುಕೊಂಡು ಹೊರಗೆ ಹೋದ. ಅವನಿಗೆ ಪಟ್ಟ ಕಟ್ಟಿದರು. ಅಮ್ಮ ಚಾಪೆಯನ್ನು ಬಿಡಿಸಿ, ಎಲ್ಲರೂ ನೋಡುವಂತೆ ಅಂಗಳದ ತುಂಬ ನಡೆದು, ಅವನ ಕಾಲ ಬಳಿ ಹಾಸಿದಳು. ಓಹೋ ಎಂದು ಜನ ಕೂಗಿದರು. ಅವನ ಹೆಂಡತಿ ಅದನ್ನು ನಾಲ್ಕು ಮಡಿಕೆ ಮಾಡಿ ಬಾಡಿಗೆ ಕಾರಿನ ಡಿಕ್ಕಿಗೆ ಹಾಕಿದ್ದನ್ನು ನಾನು ಕಣ್ಣಾರೆ ಕಂಡೆ.

ಮಧ್ಯಾಹ್ನ ಮನೆಗೆ ಹೋದಾಗ ಅಮ್ಮ ಹಬ್ಬದ ಬಟ್ಟೆ ಬದಲಿಸಿ ಕಂಬಕ್ಕೊರಗಿ ಕೂತಿದ್ದಳು.

"ಆ ಡಬ್ಬಗಳನ್ನ ಪಾದ್ರಿ ಮನೆಯಿಂದ ಶಾಲೆಗೆ ಹೊತ್ತು ಹಾಕಿದ್ದು ಯಾರು ಹೇಳು?" ಎಂದು ಕೇಳಿದಳು.

"ಯಾರು?"

"ನಾವು ಸೊಸೆಯಂದಿರು. ಇನ್ಯಾರು ಹೊರ್ತಾರೆ? ನಾನೊಬ್ಳೇ ಮೂರು ಹೊತ್ತೆ. ನಿನ್ನ ಅಂಗಡೀಲಿ ದಿನಾ ಕಸ ಗುಡಿಸುವಾಗ ಅಂಥ ಡಬ್ಬ ಎಷ್ಟು ಎತ್ತಿಟ್ಟಿಲ್ಲ ನಾನು? ತುಂಬಿದ್ದರ ತೂಕ ನನ್ನ ಕೈಗೆ ಗೊತ್ತಿಲ್ವೇನೆ?"

"ಗೊತ್ತಿದ್ದೂ ಕೇಳಿದ್ಯಾ? ಅಷ್ಟು ಜನರ ಮುಂದೆ?"

"ಅಷ್ಟು ಜನರ ಮುಂದೆ ಅಂತಾನೇ ಕೇಳಿದ್ದು. ನಾನು ಹೇಳಿದ್ರೆ, ಚಾಪೆ ಕೊಡೋಕೆ ಹೊಟ್ಟೆಯುರಿ ಸೊಸೆಗೆ ಅಂತಿದ್ರು. ನೀನು ಊರ ಮಗಳು. ನೀನು ಇಲ್ಲ ಅಂದಿದ್ರೆ ನಿನ್ನ ಬಾಯಿ ಮುಚ್ಸೋ ಗಂಡಸು ಆ ಸಭೇಲಿ ಇರ್ಲಿಲ್ಲ. ನಾನು ಚಾಪೆ ಮಡಚ್ಕೊಂಡು ಮನೆಗೆ ಬರ್ತಿದ್ದೆ."

"ಅಮ್ಮ, ದೊಡ್ಡಪ್ಪ..."

"ಎರಡು ಸಲ ಕೇಳ್ದೆ ನಿನ್ನ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ಕೂಗಾಡಿ ಹಗುರಾಗುತ್ತಿದ್ದೆ. ಅವಳು ಎದ್ದು ಒಳಗಿನಿಂದ ತೆಂಗಿನ ಗರಿಯ ಬುಟ್ಟಿಯೊಂದನ್ನು ತಂದು ನನ್ನ ಮುಂದಿಟ್ಟಳು. ಮೇಲೆ ಮುಚ್ಚಿದ್ದ ಬಾಳೆಲೆ ತೆಗೆದರೆ ಹಂದಿಯ ಬೆನ್ನಿನ ಭಾಗ, ಯಜಮಾನರಿಗೆ ಮಾತ್ರ ಹೋಗುವ ಪಾಲು. ದೊಡ್ಡಪ್ಪ ನನ್ನ ಹೆಸರು ಹೇಳಿ ಕಳಿಸಿದ್ದನಂತೆ.

"ನಂಗೆ ಬೇಡ," ಎಂದೆ.

"ನಿನಗೇ ಅಂತ ಕಳಿಸಿದಾರೆ, ತಿನ್ನು," ಎಂದು ಅಮ್ಮ ಕೈ ತೊಳೆಯಲು ಹಿತ್ತಿಲಿಗೆ ಹೋದಳು.

ಬೆಳಿಗ್ಗೆಯಿಂದ ಹೊಟ್ಟೆಗೇನೂ ಬಿದ್ದಿರಲಿಲ್ಲ. ನಾನು ಕೂತು ತಿಂದೆ.