ಕುಡಿಯದ ಬಟ್ಟಲು

ಬಟ್ಟಲಿನಿಂದ ಇನ್ನೂ ಹಬೆ ಏಳುತ್ತಿದೆ, ಡೇರೆಯ ಪರದೆಯ ಹರಕಿನಿಂದ ಶಮ್ಮಾಳ ಕಣ್ಣು ನೆಟ್ಟಿರುವುದು ಅದರ ಮೇಲೆಯೇ, ಮುತ್ಲಕನ ದೊಡ್ಡಪ್ಪ ರಾಕಾನರು ತುಟಿಗೆ ತಾಗಿಸದೆ ಮರಳ ಮೇಲಿಟ್ಟ ಕಾಫಿ ಬಟ್ಟಲು, ಕೇಳಿದ್ದು ಕೊಟ್ಟರೆ ಕುಡಿಯುತ್ತಾರೆ, ಇಲ್ಲವಾದರೆ ಇಲ್ಲ, ಕೇಳಿರುವುದು ತನ್ನನ್ನೇ, ಮುತ್ಲಕನಿಗೆ — ಕೈ ನಿಲ್ಲಿಸಬ್ಯಾಡ, ಅವ್ವ ಪಿಸುಗುಡುತ್ತಾಳೆ, ಮಜ್ಜಿಗಿ ಸಪ್ಪಳ ನಿಂತ್ರ ನೀ ಕಿವಿ ಕೊಟ್ಟೀ ಅಂತ ಆಚಿಗೆ ಗೊತ್ತಾಗ್ತದ — ಅದಕ್ಕೇ ಮೇಕೆ ಚರ್ಮದ ಚೀಲ ತೂಗುತ್ತಲೇ ಇದೆ, ಒಳಗೆ ಮೊಸರು ಗುಳುಗುಳು, ಅಪ್ಪ ಕೆಮ್ಮುತ್ತಾನೆ, ಕುಡಿಯಿರಿ ಅನ್ನಪ್ಪ, ಒಂದೇ ಮಾತು, ಆವತ್ತು ಬಾವಿಯ ಹತ್ತಿರ ಹಗ್ಗ ಎಳೆಯುತ್ತಾ ಮುತ್ಲಕನನ್ನು ಕೆಣಕಿದ್ದು ತಾನೇ ಅಲ್ಲವೇ, ಒಂಟಿ ಮ್ಯಾಲ ಹಾಡು ಕಟ್ತಿ, ಮಳಿ ಮ್ಯಾಲ ಕಟ್ತಿ, ನಾನೇನು ಒಂಟಿಗಿಂತ ಕಡಿಮಿ ಏನೋ, ಅವನು ನಕ್ಕ, ಹೆಸರು ಹಾಕಿ ಹಾಡಿದ್ರ ನಿಮ್ಮಪ್ಪ ನನಗ ಹೆಣ್ಣು ಕೊಡಾಂಗಿಲ್ಲ ಅಂದ, ಗೊತ್ತಿಲ್ಲದ ಪದ್ಧತಿಯೇ, ಹೆಸರು ಹಾಡಿದವನಿಗೇ ಹುಡುಗಿಯನ್ನು ಕೊಟ್ಟರೆ ಮದುವೆಗೆ ಮುಂಚೆಯೇ ಏನೋ ನಡೆದಿತ್ತು ಎಂದು ಕುಲವೆಲ್ಲ ಆಡಿಕೊಳ್ಳುತ್ತದೆ — ಇಲ್ಲಿ ಯಾರದಾರ ಕೇಳಾಕ, ಹಾಡೋ, ಅಂದವಳು ತಾನು, ಅವನು ಮೆಲ್ಲಗೇ ಹಾಡಿದ, ಶಮ್ಮಾ ಎಂಬ ಹೆಸರು ಬಾವಿಯೊಳಗೆ ಬಿದ್ದು ದೊಡ್ಡದಾಗಿ ಮೇಲೆ ಬಂತು, ಎಷ್ಟು ಚೆನ್ನಾಗಿತ್ತು ಅದು, ಮೈಯೆಲ್ಲ ಜುಮ್ಮೆಂದಿತ್ತು, ಗೋಡೆಗೂ ಕಿವಿ ಅಂತಾರೆ, ಗೋಡೆಯೇ ಇಲ್ಲದ ಈ ಮರುಭೂಮಿಗೆ ಮೈಯೆಲ್ಲ ಕಿವಿ, ಬೇಸಿಗೆ ಮುಗಿಯುವುದರೊಳಗೆ ಒಂಟೆ ಕಾಯುವವರ ಬಾಯಲ್ಲೆಲ್ಲ ಅದೇ ಹಾಡು.

ಹುಡುಗ ಚಿನ್ನ, ರಾಕಾನಣ್ಣ, ಅಪ್ಪ ಕೊನೆಗೂ ಮಾತಾಡುತ್ತಿದ್ದಾನೆ, ಹಾಡೋಕಿಂತ ಮೊದಲ ಬಂದು ಕೇಳಿದ್ರ ನಾನೇ ಒಂಟಿ ಕಡಿದು ಊಟ ಹಾಕಸ್ತಿದ್ದೆ, ಈಗ ನನ್ನ ಮಗಳ ಹೆಸರು ಬಾವಿ ಬಾವಿಗೂ ಹೋಗ್ಯದ — ಬರೇ ಹಾಡಪ್ಪ ಅದು, ರಾಕಾನರ ದನಿ — ನನಗೂ ಗೊತ್ತದ, ಮಂದಿ ಬಾಯಿಗೆ ಯಾರು ಬಟ್ಟಿ ಕಟ್ಟಾವ್ರು, ಅಂತಾನೆ ಅಪ್ಪ — ಹಾಡಿಸಿದವಳು ನಾನಪ್ಪ, ಪರದೆ ಎತ್ತಿ ಹೇಳಿಬಿಡಲೇ, ಹೇಳಿದರೆ ಆಡಿಕೊಳ್ಳುವವರ ಮಾತೇ ನಿಜವಾಗುತ್ತದೆ, ಅಪ್ಪನ ತಲೆ ಇನ್ನೂ ತಗ್ಗುತ್ತದೆ, ಮುತ್ಲಕನ ಜೀವಕ್ಕೂ ಸಂಚಕಾರ, ಹೇಳದಿದ್ದರೆ — ಹಬೆ ನಿಂತಿದೆ, ಬಟ್ಟಲು ಆರುತ್ತಿದೆ, ಕುಡಿಯಿರಿ ಅನ್ನಪ್ಪ, ನಿನ್ನ ಕಾಲಿಗೆ ಬೀಳ್ತೀನಿ, ಕುಡಿಯಿರಿ, ಅಪ್ಪ ಬೆಂಕಿಯನ್ನೇ ಕೆದಕುತ್ತಿದ್ದಾನೆ, ತಲೆ ಎತ್ತುತ್ತಿಲ್ಲ, ರಾಕಾನರು ಎದ್ದು ಮರಳು ಝಾಡಿಸಿಕೊಂಡರು, ಆಚೆ ಒಂಟೆ ಗೊಣಗಿತು, ಹೊರಟರು, ಶಮ್ಮಾ, ಕೈ, ಅವ್ವ ಅನ್ನುತ್ತಾಳೆ, ಕೈ, ಚೀಲ ನಿಂತೇ ಹೋಗಿದೆ, ಗೊತ್ತಾಗಲಿ ಬಿಡು ಎಲ್ಲರಿಗೂ, ಮರಳ ಮೇಲೆ ಬಟ್ಟಲು, ಅಂಚಿಗೊಂದು ನೊಣ ಬಂದು ಕೂತಿದೆ, ಹಾಕಿದಷ್ಟೂ ಹಾಗೇ ಇದೆ, ಬಟ್ಟಲು, ಹಾಗೇ ಇದೆ