ನಾಲ್ಕನೇ ಗಾಜು

“ಅಲ್ಲಲೇ ಸೂಳೆಮಗನ, ಗಾಜಿಗಿ ಸಿಮೆಂಟು ಹಚ್ಚಂದ್ರ ನಿನ್ನ ಮಾರಿಗಿ ಹಚ್ಕೊಂಡಿಯಲ್ಲ.”

ಸಾವುಕಾರ ಪಂಚಾಕ್ಷರಯ್ಯ ಹೆಸರಿಗೆ ತಕ್ಕವರು; ಬೈದರೂ ಐದಕ್ಷರಕ್ಕೆ ಕಡಿಮೆ ಬೈಯುತ್ತಿರಲಿಲ್ಲ. ಏಣಿಯ ಮೇಲಿದ್ದ ಬೊಮ್ಮಣ್ಣ ಮೂಗಿನ ಮೇಲಿನ ಸಿಮೆಂಟು ಒರೆಸಿಕೊಂಡ. ಕೆಳಗೆ ಬಣ್ಣ ಹೊಡೆಯುತ್ತಿದ್ದವರು ನಕ್ಕರು. ಅವನೂ ನಕ್ಕ. ನಗುವವರ ಗುಂಪಿಗೆ ತಾನೂ ಸೇರಿಕೊಂಡರೆ ಬೈಸಿಕೊಂಡವನು ಬೇರೆ ಯಾರೋ ಎನಿಸುತ್ತದೆ. ಅರವತ್ತೆರಡು ವರ್ಷದ ಕಲಿಕೆ ಅದು.

ರಾಯದುರ್ಗದ ಹಳೇ ಪೇಟೆಯಲ್ಲಿ ಆ ಕಟ್ಟಡಕ್ಕೆ ಈಗಲೂ ಹತ್ತಿ ಮಂಡಿ ಎಂದೇ ಹೆಸರು. ಹತ್ತಿ ಹೋಗಿ ನಲವತ್ತು ವರ್ಷವಾಯಿತು. ಆಮೇಲೆ ರೇಷನ್ ಅಕ್ಕಿಯ ಮೂಟೆಗಳು ಬಂದವು, ಚೀಟಿ ಕಂಪನಿಯ ಕಬ್ಬಿಣದ ಕಪಾಟುಗಳು ಬಂದವು, ಕಂಪನಿ ಓಡಿಹೋದ ಮೇಲೆ ಮಹಡಿಗೆ ಜೀನ್ಸ್ ಹೊಲಿಯುವ ಮಿಷನ್ನುಗಳು ಬಂದವು. ಕಟ್ಟಡ ಎಷ್ಟು ವೇಷ ಬದಲಿಸಿದರೂ ಬೊಮ್ಮಣ್ಣನ ಬೆನ್ನಿಗೆ ಸಿಕ್ಕಿದ್ದು ಒಂದೇ ಪಾತ್ರ, ಹಮಾಲಿಯದು. ಈಗ ಕೆಳಗೆ ಸೀರೆ ಶೋರೂಮು ಏಳುತ್ತಿತ್ತು. ಗಿರಾಕಿಗೆ ಬೀದಿಯಿಂದಲೇ ಸೀರೆ ಕಾಣಬೇಕೆಂದು ನಡುವಿನ ಎರಡು ಕಲ್ಲುಕಂಬ ಕೀಳಿಸಿದ್ದರು. ಹಿಂಬಾಗಿಲನ್ನು ಮುಚ್ಚಿ ಅಲ್ಲೊಂದು ಕನ್ನಡಿ ಗೋಡೆ ಎಬ್ಬಿಸಿದ್ದರು. ಮೇಲೆ ನಲವತ್ತು ಮಿಷನ್ನು, ನಲವತ್ತು ಹೆಂಗಸರು. ಅವರಲ್ಲೊಬ್ಬಳು ಅವನ ಸೊಸೆ ಮಂಜುಳ. ಅವರು ಇಳಿಯಲು ಇದ್ದದ್ದು ಒಂದೇ ಮೆಟ್ಟಿಲ ಸಾಲು. ಅದು ಮುಂಬಾಗಿಲಿಗೆ ಬಂದು ಮುಗಿಯುತ್ತಿತ್ತು. ಬಿರುಕು ಬಿಟ್ಟಿದ್ದೂ ಆ ಮುಂಬಾಗಿಲ ಕಮಾನಿನ ಮೇಲೆಯೇ.

ವಿಮೆಯ ಕಡೆಯ ಇಂಜಿನಿಯರು ಬಂದು ಬಿರುಕಿಗೆ ಅಡ್ಡಲಾಗಿ ಎರಡು ಬೆರಳಗಲದ ಗಾಜಿನ ಪಟ್ಟಿಯೊಂದನ್ನು ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆದು ಹೋಗಿದ್ದ. ಮೂರೇ ದಿನಕ್ಕೆ ಅದು ಒಡೆಯಿತು. ಹೊಸದು ಅಂಟಿಸು ಎಂದರು ಸಾವುಕಾರರು. ಮುರಿದ ಕೈಗೆ ಬಿದಿರ ಪಟ್ಟಿ ಕಟ್ಟುವಂತೆ ಗೋಡೆಗೆ ಗಾಜಿನ ಪಟ್ಟಿ ಎಂದುಕೊಂಡ ಬೊಮ್ಮಣ್ಣ, ಮೊದಲಿನದಕ್ಕಿಂತ ದಪ್ಪನೆಯದನ್ನೇ ಹುಡುಕಿ ಅಂಟಿಸಿದ. ಅದೂ ಒಡೆಯಿತು, ಇನ್ನೊಂದು ಅಂಟಿಸಿದ, ಅದೂ ಸೀಳಿತು. ಇವತ್ತು ಅವನ ಕೈಯಿಂದ ಮೂರನೆಯದು. ಪ್ರತಿ ಸಲವೂ ಇಂಜಿನಿಯರು ಬರೆದ ತಾರೀಖು ಅಳಿಸದಂತೆ ಕೈ ಕಾಯ್ದುಕೊಂಡಿದ್ದ. ಸೊಸೆಯ ತಲೆಯ ಮೇಲೆ ಕೊಡೆ ಹಿಡಿದಷ್ಟು ಸಮಾಧಾನವಾಗುತ್ತಿತ್ತು.

ಸಂಜೆ ಚಹಾದಂಗಡಿಯಲ್ಲಿ, ಆ ಇಂಜಿನಿಯರಿಗೆ ಅಳತೆ ಟೇಪು ಹಿಡಿಯುವ ರಾಮಾಂಜಿ ಸಿಕ್ಕ. ಬೊಮ್ಮಣ್ಣ ತನ್ನ ಕೈಚಳಕವನ್ನು ಹೆಮ್ಮೆಯಿಂದಲೇ ಹೇಳಿಕೊಂಡ. ರಾಮಾಂಜಿ ಕುಡಿಯುತ್ತಿದ್ದ ಗ್ಲಾಸನ್ನು ಕೆಳಗಿಟ್ಟ.

“ಅದು ಗ್ವಾಡಿ ಹಿಡಿಯಾಕ ಹಚ್ಚಿದ್ದಲ್ಲೋ ಯಣ್ಣ. ಗ್ವಾಡಿ ಸರಿಯಾಕತ್ತೈತೋ ಇಲ್ಲೋ ನೋಡಾಕ. ಸರಿದ್ರ ಗಾಜು ಒಡೀತೈತಿ. ಒಡದ್ರ ಮ್ಯಾಲಿನ ಮಂದೀನ ಇಳಸ್ಬೇಕು.”

“ಮೂರು ಒಡದಾವಲ್ಲೋ,” ಎಂದ ಬೊಮ್ಮಣ್ಣ.

ಎಷ್ಟು ದಿನದಲ್ಲಿ ಎಂದು ರಾಮಾಂಜಿ ಕೇಳಿದ. ಒಂಬತ್ತು ಎಂದ ಇವನು. ರಾಮಾಂಜಿ ಉಳಿದ ಚಹಾ ಚೆಲ್ಲಿ ಎದ್ದ; ತಾನು ಹೇಳಿದೆನೆಂದು ಎಲ್ಲೂ ಬಾಯಿಬಿಡಬೇಡ, ಹೊಟ್ಟೆ ಮೇಲೆ ಹೊಡೀಬೇಡ ಎಂದು ಗೋಗರೆದು ಹೋದ.

ಆ ರಾತ್ರಿ ಗೋಡೆ ಬೊಮ್ಮಣ್ಣನ ಕಿವಿಯೊಳಗೆ ಬಂದು ಕೂತಿತು. ಸೊಸೆ ರೊಟ್ಟಿ ಬಡಿದರೂ ಬೆಚ್ಚಿದ. ಇವತ್ತಿನ ಗಾಜಾದರೂ ಉಳಿದೀತು, ಅವಳನ್ನೇಕೆ ಹೆದರಿಸಲಿ ಎಂದುಕೊಂಡ.

ಬೆಳಿಗ್ಗೆ ಬಂದು ನೋಡಿದರೆ ಗಾಜು ಎರಡಾಗಿತ್ತು. ಸಾವುಕಾರರು ಬಿರುಕಿನ ಎದುರು ಬೂದುಗುಂಬಳ ಕಟ್ಟಿಸುತ್ತ ನಿಂತಿದ್ದರು. ಬೊಮ್ಮಣ್ಣ ರಾಮಾಂಜಿಯ ಹೆಸರೆತ್ತದೆ, ತಡವರಿಸುತ್ತ ಸಂಗತಿ ಹೇಳಿ, ಹೆಣ್ಣುಮಕ್ಕಳನ್ನಾದರೂ ಇಳಿಸಿ ಎಂದು ಕೈಮುಗಿದ.

“ನಮ್ಮಜ್ಜ ಕಟ್ಸಿದ ಗ್ವಾಡಿ ಇದು. ನಿಮ್ಮ ಕೇರಿ ಗುಡಿಸಲಾ ಅಂದ್ಕಂಡಿಯೇನಲೇ. ಮಧ್ಯಾನ ಇಂಜಿನಿಯರು ಸೈನ್ ಹಾಕಾಕ ಬರ್ತಾನ. ಅಷ್ಟ್ರೊಳಗ ಇನ್ನೊಂದು ಹಚ್ಚು. ಇಲ್ಲಾಂದ್ರ ನೀನೂ ಇಲ್ಲ, ನಿನ್ನ ಸೊಸಿನೂ ಇಲ್ಲ.”

ಅದು ಕೆಲಸದ ಮಾತು. ಬೊಮ್ಮಣ್ಣನಿಗೆ ಬೇರೆಯೇ ಕೇಳಿಸಿತು. ಸಾವುಕಾರರು ಕೈಗೆ ಕೈ ತಾಗದಂತೆ ಅವನು ಅಂಟಿಸಬೇಕಾದ ನಾಲ್ಕನೇ ಗಾಜನ್ನು ಮೇಲಿನಿಂದ ಅವನ ಅಂಗೈಗೆ ಬಿಟ್ಟು ಶೋರೂಮಿನೊಳಗೆ ಹೋದರು. ಅವನು ಅದನ್ನು ಅಂಟಿಸಲಿಲ್ಲ. ಏಣಿಯ ಬುಡದಲ್ಲಿಟ್ಟು ಮೆಟ್ಟಿಲು ಹತ್ತಿದ.

ಮಹಡಿಯಲ್ಲಿ ನಲವತ್ತು ಮಿಷನ್ನಿನ ನಡುಕ ಅಂಗಾಲಿನಿಂದ ಮೊಣಕಾಲಿಗೆ ಏರಿತು. ಬಗ್ಗಿ ಮಂಜುಳಳ ಕಿವಿಯಲ್ಲಿ ಹೇಳಿದ. ಪಕ್ಕದ ಮಿಷನ್ನಿನ ನಾಗರತ್ನ, ಇವತ್ತು ಯಾರ ನಕಲಿ ಮಾವ, ಹೆದರಿದ ಕೋಳಿದಾ ಎಂದು ಕೇಳಿದಳು. ಅವಳ ತಪ್ಪಲ್ಲ. ತಹಸೀಲ್ದಾರನಿಂದ ಬಸ್ ಕಂಡಕ್ಟರನವರೆಗೆ ಯಾರ ದನಿಯನ್ನಾದರೂ ತೆಗೆದು, ಊಟದ ಹೊತ್ತಿಗೆ ಅವರನ್ನು ನಗಿಸುತ್ತಿದ್ದವನು ಅವನೇ.

ಮಂಜುಳ ನಗಲಿಲ್ಲ. ಪೆಡಲಿನಿಂದ ಕಾಲನ್ನೂ ತೆಗೆಯಲಿಲ್ಲ. “ಸಂಜೀಕ ಮಾಲು ಒಯ್ಯಾಕ ಬಳ್ಳಾರಿ ಗಾಡಿ ಬರ್ತೈತಿ ಮಾವ. ಎದ್ದೋರ್ನ ನಾಳೆ ಒಳಗ ಬಿಡಂಗಿಲ್ಲ ಅಂದಾರ. ಸಾವ್ಕಾರು ಇಳೀರಿ ಅಂದ್ರ ಇಳೀತೀವಿ.”

ಮೆಟ್ಟಿಲ ತಿರುವಿನಲ್ಲಿ ಸಾವುಕಾರರ ಕೋಣೆ. ಅಲ್ಲಿನ ಮೈಕಿನಿಂದಲೇ ಅವರು ಮಹಡಿಯವರಿಗೆ ಅಪ್ಪಣೆ ಕೊಡುತ್ತಿದ್ದದ್ದು. ಬೊಮ್ಮಣ್ಣ ಈ ಕಟ್ಟಡಕ್ಕೆ ಏನೆಲ್ಲ ಹೊತ್ತಿದ್ದರೂ ಆ ಹೊಸ್ತಿಲು ದಾಟಿದವನಲ್ಲ. ದಾಟಿದ. ಗುಂಡಿ ಒತ್ತಿ, ಸಾವುಕಾರರ ಹಾಗೆಯೇ ಎರಡು ಸಲ ಗಂಟಲು ಸರಿಮಾಡಿಕೊಂಡು “ಶಿವಶಿವಾ” ಅಂದ.

“ಏ, ಎಲ್ಲಾರೂ ಮಿಷನ್ ಬಂದ್ ಮಾಡಿ ಕೆಳಗ ಇಳೀರಲೇ. ರೋಡಿನಾಗ ಹೋಗಿ ನಿಂದರ್ರಿ. ಯಾವಳರ ಕುಂತಿದ್ರ ನಾಳೆ ಬರಾದು ಬ್ಯಾಡ.”

ಮೇಲಿನ ಸ್ಪೀಕರಿನಲ್ಲಿ ಆ ದನಿ ಮೊಳಗಿದ್ದೇ, ಬೊಮ್ಮಣ್ಣ ತಾನೇ ಬೆದರಿ ಕೈಕಟ್ಟಿ ನಿಂತುಬಿಟ್ಟ.

ಮಿಷನ್ನುಗಳು ಒಂದೊಂದಾಗಿ ನಿಂತವು. ಆ ಮೌನದಲ್ಲಿ ಗೋಡೆಯೊಳಗಿಂದ, ಒಣ ಕಡ್ಡಿ ಮುರಿದಂತೆ, ಒಂದು ಸದ್ದು ಬಂತು. ಕೇಳಿಸಿಕೊಂಡವನು ಅವನೊಬ್ಬನೇ. ಹೆಂಗಸರು ಚಪ್ಪಲಿ ಹುಡುಕುತ್ತ, ಗೊಣಗುತ್ತ ಇಳಿದು ಬೀದಿಗೆ ಹೋದರು. ಕೊನೆಯವಳ ಹಿಂದೆ ಅವನೂ ಹೊರಗೆ ಬಂದ.

ಕಟ್ಟಡ ಬೀಳಲಿಲ್ಲ.

ಎಲ್ಲರೂ ಕತ್ತೆತ್ತಿ ನೋಡಿದರು. ಹಣೆಯ ಮೇಲೆ ೧೯೩೧ ಎಂದು ಬರೆಸಿಕೊಂಡು ಅದು ಗಟ್ಟಿಮುಟ್ಟಾದವರ ನಕಲಿ ಮಾಡುತ್ತ ನಿಂತಿತ್ತು. ಬೊಮ್ಮಣ್ಣನಿಗೆ ಈಗ ಎರಡು ಭಯ: ಬಿದ್ದರೆ ಒಂದು, ಬೀಳದಿದ್ದರೆ ಒಂದು.

ಪಂಚಾಕ್ಷರಯ್ಯ ಶೋರೂಮಿನಿಂದ ಹೊರಬಂದು, ಯಾರು ಇಳೀರಿ ಅಂದದ್ದು ಎಂದು ಕೇಳಿದರು. ನೀವೇ ಅಂದಿರಲ್ಲ ಎಂದಳು ನಾಗರತ್ನ. ಅಂದವಳು ಬೊಮ್ಮಣ್ಣನ ಕಡೆ ತಿರುಗಿ ಬಾಯಿ ಮುಚ್ಚಿಕೊಂಡಳು. ಸಾವುಕಾರರು ಕಾಲಿನಿಂದ ಚಪ್ಪಲಿ ಕಳಚಿದರು. ಮೊದಲನೆಯ ಏಟು ಕಿವಿಗೆ, ಎರಡನೆಯದು ಬಾಯಿಗೆ ಬಿತ್ತು.

“ನನ್ನ ದನಿಯಾಗ ಮಾತಾಡ್ತಿಯೇನಲೇ ಹೊಲಸು ಬಾಯಾಗ.” ಆಮೇಲೆ ಹೆಂಗಸರ ಕಡೆಗೆ: “ಹತ್ರಿ ಮ್ಯಾಲ.”

ಹೆಂಗಸರ ಸಾಲು ಕದಲಿತು. ಮಂಜುಳಳೂ ತಲೆ ತಗ್ಗಿಸಿ ಹೆಜ್ಜೆ ಇಟ್ಟಳು. ಅವರಿಗಿಂತ ಮುಂಚೆ ಬಾಗಿಲಿಗೆ ಓಡಿದ ಬೊಮ್ಮಣ್ಣ ಹೊಸ್ತಿಲಿಗೆ ಅಡ್ಡಲಾಗಿ ಅಂಗಾತ ಮಲಗಿಬಿಟ್ಟ.

ಸಾಲು ನಿಂತಿತು. ಮಲಗಿದ ಮನುಷ್ಯನನ್ನು ಆ ಸೀಮೆಯಲ್ಲಿ ಯಾರೂ ದಾಟುವುದಿಲ್ಲ. ಗೊತ್ತಿಲ್ಲದೆ ಮಲಗಿದ ಕೂಸನ್ನು ದಾಟಿದರೂ ಹಿಂದಕ್ಕೆ ದಾಟಿ ಬರುತ್ತಾರೆ. ಇವನೋ ಹಿರಿಯ, ಅದರಲ್ಲೂ ಒಬ್ಬಳಿಗೆ ಮಾವ.

“ಹೋಗೋರು ನನ್ನ ದಾಟಿ ಹೋಗ್ರಿ,” ಎಂದ. ಯಾರ ದನಿಯೂ ಅಲ್ಲ ಅದು; ತುಟಿಯ ರಕ್ತದಲ್ಲಿ ತೊದಲುತ್ತಿದ್ದ ಅವನದೇ ದನಿ.

“ಮಾವ, ಏಳು ಮಾವ,” ಎಂದಳು ಮಂಜುಳ. ಅವನು ಏಳಲಿಲ್ಲ. ಅವಳು ದಾಟಲಿಲ್ಲ.

“ನಾ ದಾಟ್ತೀನಿ, ನನ್ನ ಹಿಂದ ಬರ್ರಿ,” ಎಂದರು ಪಂಚಾಕ್ಷರಯ್ಯ. ಮುಟ್ಟಬಾರದವನ ಮೈಗೆ ಅಂಚು ತಾಗದಂತೆ ಬಿಳಿ ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿಕೊಂಡರು. ಬಲಗಾಲು ಮೇಲೆದ್ದಿತು.

ಕೆಳಗೆ ಮಲಗಿದವನ ಕಣ್ಣಿಗೆ ಆ ಅಂಗಾಲು, ಅದರ ಮೇಲೆ ಕಮಾನು, ಕಮಾನಿನುದ್ದಕ್ಕೂ ಬಿರುಕು. ಚಿಟಿಕೆಯಷ್ಟು ಸುಣ್ಣದ ಪುಡಿ ಸುರಿದು, ಅರ್ಧ ಅವನ ಕಣ್ಣಿಗೂ ಅರ್ಧ ಸಾವುಕಾರರ ಹೆಗಲಿಗೂ ಬಿತ್ತು. ಬೊಮ್ಮಣ್ಣ ರೆಪ್ಪೆ ಮುಚ್ಚಲಿಲ್ಲ. ಸಾವುಕಾರರು ಕತ್ತೆತ್ತಿ ಮೇಲೆ ನೋಡಿದರು. ಎತ್ತಿದ ಕಾಲು ಎತ್ತಿದಂತೆಯೇ ನಿಂತಿತು.