ಕೆಜಾಯಳ ಮಗನನ್ನು ಹುಡುಕಿ ಹೊರಟ ಕ್ಯಾಪ್ಟನ್

ಹೇಸಲ್ ನದಿಯ ದಂಡೆಯ ಆಂಬ್ರೋಸ್ ಕ್ಯಾಟ್ಲೆಟ್ ಉತ್ತರ-ದಕ್ಷಿಣ ರಾಜ್ಯಗಳ ಅಂತರ್ಯುದ್ಧದಲ್ಲಿ ದಕ್ಷಿಣದವರ ಅಶ್ವದಳದಲ್ಲಿ ಕ್ಯಾಪ್ಟನ್ ಆಗಿದ್ದವನು. ನಾಲ್ಕು ವರ್ಷ ಕಾದಾಡಿ, ಸೋತು, ಮೊಣಕಾಲಲ್ಲೊಂದು ಗುಂಡಿನ ಚೂರು ಉಳಿಸಿಕೊಂಡು ಮನೆ ಸೇರಿದ್ದ. ಆ ದಂಡಿನಲ್ಲಿ ಸವಾರರು ತಮ್ಮ ಕುದುರೆಯನ್ನು ತಾವೇ ತರಬೇಕಿತ್ತು. ಹಾಗಾಗಿ ಎಲ್ಲ ಹೋದರೂ ಅವನ ಕಂದು ಹೆಣ್ಣುಕುದುರೆ ಉಳಿದಿತ್ತು. ತೊಡಲು ಬೇರೆ ಇಲ್ಲದೆ ದಂಡಿನ ಅದೇ ಬೂದು ಕೋಟು. ಸೈನ್ಯದ ಗುಂಡಿಗಳು ಕಾಣಬಾರದೆಂದು ಗೆದ್ದವರ ಅಪ್ಪಣೆಯಾದ ಮೇಲೆ ಹೆಂಡತಿ ಲವೀನಿಯಾ ಅವಕ್ಕೆಲ್ಲ ಕಪ್ಪು ಬಟ್ಟೆ ಸುತ್ತಿ ಹೊಲಿದಿದ್ದಳು.

ಮರುವರ್ಷ ಮುಸುಕಿನ ಜೋಳ ಮೊಣಕಾಲೆತ್ತರ ಬಂದಾಗ ಲವೀನಿಯಾಗೆ ಹೆರಿಗೆ ನೋವು ಶುರುವಾಯಿತು. ಸೂರ್ಯ ನೆತ್ತಿಗೇರಿದರೂ ಮಗು ಹೊರಬರಲಿಲ್ಲ. ಆಂಬ್ರೋಸ್ ಯುದ್ಧದಲ್ಲಿದ್ದಾಗ ಮೊದಲ ಮಗು ಹೀಗೇ ಹೊಟ್ಟೆಯಲ್ಲೇ ಸತ್ತಿತ್ತು. ಆಂಬ್ರೋಸನ ತಾಯಿ ಬೆವರೊರೆಸಿಕೊಳ್ಳುತ್ತ ಜಗಲಿಗೆ ಬಂದಳು.

"ಹೋಗಿ ಕೆಜಾಯಳನ್ನ ಕರ್ಕೊಂಡು ಬಾ. ನಿನ್ನನ್ನ ಹೊರಗೆ ತಂದವಳೂ ಅವಳೇ."

"ಅವಳು ಬರ್ತಾಳಾ ಅಮ್ಮ?"

"ಬರದೆ ಇದ್ರೆ ಕಾಲು ಹಿಡಿ."

ಕೆಜಾಯ ಆ ಮನೆಯಲ್ಲಿ ಗುಲಾಮಳಾಗಿದ್ದವಳು. ಯುದ್ಧದ ನಡುವೆ ಒಂದು ದಿನ ಒಲೆಯ ಮೇಲಿನ ಪಾತ್ರೆಯನ್ನು ಹಾಗೇ ಬಿಟ್ಟು ನದಿ ದಾಟಿದ್ದಳು. ಈಗ ಆಚೆ ದಡದಲ್ಲಿ ತನ್ನದೇ ಗುಡಿಸಲು, ತನ್ನದೇ ಅವರೆ ಚಪ್ಪರ. ಆಂಬ್ರೋಸ್ ಕುದುರೆಯಿಂದಿಳಿದು ಟೋಪಿ ಕೈಗೆ ತೆಗೆದುಕೊಂಡ. ಚಿಕ್ಕಂದಿನಿಂದ ಬಾಯಿಗೆ ರೂಢಿಯಾದ ಮಾತೇ ಬಂತು.

"ಅತ್ತೆ, ಲವೀನಿಯಾಗೆ..."

"ಅತ್ತೆ ಅನ್ನಬೇಡ," ಎಂದಳು ಕೆಜಾಯ, ಅವರೆ ಬಿಡಿಸುವ ಕೈ ನಿಲ್ಲಿಸದೆ. "ಅತ್ತೆಯ ಮಗನನ್ನ ಯಾರಾದ್ರೂ ಮಾರ್ತಾರಾ?"

ಅವಳು ಎದ್ದು ಸೊಂಟಕ್ಕೆ ಕಟ್ಟಿಕೊಂಡ ಬಟ್ಟೆಗೆ ಕೈ ಒರೆಸಿಕೊಂಡಳು. "ನೋವು ಯಾವಾಗ ಶುರುವಾಯ್ತು? ನೀರು ಹೋಯ್ತಾ? ನಡಿ. ಆ ಹುಡುಗಿ ನನಗೇನೂ ಕೆಟ್ಟದ್ದು ಮಾಡಿಲ್ಲ."

ಮಗು ಅಡ್ಡ ಮಲಗಿತ್ತು. ಕೆಜಾಯ ಎಣ್ಣೆ ಹಚ್ಚಿದ ಕೈಯಿಂದ ಹೊಟ್ಟೆಯ ಮೇಲೆ ಮೆಲ್ಲಗೆ ಒತ್ತುತ್ತ, ಗದರುತ್ತ, ಪುಸಲಾಯಿಸುತ್ತ ಅದನ್ನು ತಿರುಗಿಸಿದಳು. ಕತ್ತಿ ಹಿಡಿದು ಫಿರಂಗಿಗಳೆದುರು ನುಗ್ಗಿದ್ದ ಕ್ಯಾಪ್ಟನ್ ಜಗಲಿಯ ಕಂಬ ಅಪ್ಪಿಕೊಂಡು ನಿಂತುಬಿಟ್ಟಿದ್ದ. ಹೊತ್ತು ಇಳಿಯುವ ಮೊದಲೇ ಒಳಗಿಂದ ಅಳು ಕೇಳಿತು. ಹೆಣ್ಣುಮಗು. ತಾಯಿ ಮಗು ಇಬ್ಬರೂ ಕ್ಷೇಮ.

ಕೆಜಾಯ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಅವನು ತಾನೇ ಮಜ್ಜಿಗೆ ತಂದುಕೊಟ್ಟ.

"ಏನು ಕೊಟ್ರೂ ತೀರಲ್ಲ ಇದು. ಆದರೂ ಕೇಳು, ಏನು ಬೇಕು?"

"ನನ್ನ ಗಿಡಿಯನ್ ಬೇಕು." ಅವಳು ಲಾಯದ ಕಡೆ ಗಲ್ಲ ಎತ್ತಿದಳು. "ಅವನನ್ನ ಮಾರಿದ ದುಡ್ಡಲ್ಲೇ ನಿಮ್ಮಪ್ಪ ನಿನಗೆ ಆ ಕುದುರೆ ತಂದಿದ್ದು. ಗೊತ್ತಿರಲಿಲ್ಲ ಅನ್ನಬೇಡ."

"ಗೊತ್ತಿತ್ತು," ಎಂದ ಆಂಬ್ರೋಸ್.

"ಡ್ಯಾನ್‌ವಿಲ್ ಕಡೆಗೆ ಹೋದ ಅಂತ ಸುದ್ದಿ. ನಾನು ಕೇಳಿದ್ರೆ ಯಾರೂ ಬಾಯಿ ಬಿಡಲ್ಲ. ನೀನು ಕೇಳಿದ್ರೆ ಬಿಡ್ತಾರೆ." ಆಮೇಲೆ ಮಗನ ಗುರುತಿಗೆಂದು ಆಂಬ್ರೋಸನ ಕಿವಿಯಲ್ಲಿ ಒಂದು ಮಾತು ಹೇಳಿದಳು.

ಹೆಂಡತಿ ಎದ್ದು ಓಡಾಡುವಂತಾದ ಮೇಲೆ ಆಂಬ್ರೋಸ್ ಹೊರಟ. ದಾರಿಯುದ್ದಕ್ಕೂ ಸುಟ್ಟ ಕಣಜಗಳು, ಮುರಿದ ಸೇತುವೆಗಳು. ಡ್ಯಾನ್‌ವಿಲ್‌ನಲ್ಲಿ ತಂಬಾಕಿನ ಗೋದಾಮಿನಿಂದ ಗೋದಾಮಿಗೆ ಅಲೆದು ಕೊನೆಗೆ ಒಂದು ಭಾನುವಾರ ಕರಿಯರ ಚರ್ಚಿನ ಅಂಗಳಕ್ಕೆ ಬಂದ. ಬೂದು ಕೋಟು ಕಂಡದ್ದೇ ಜನ ಹಿಂದೆ ಸರಿದರು. ಗಿಡಿಯನ್ ಎಲ್ಲಿ ಎಂದು ಅವನು ಕೇಳಿದಾಗ ಮುದಿ ಪಾದ್ರಿ ಅಡ್ಡ ಬಂದು ನಿಂತ.

"ಗಿಡಿಯನ್ ಹತ್ರ ಏನು ಕೆಲಸ, ಸ್ವಾಮಿ?"

"ಅವನ ತಾಯಿ ಕಳಿಸಿದ್ದಾಳೆ."

"ತಾಯಿ ಹೆಸರು ಹೇಳ್ಕೊಂಡು ಬಂದವರನ್ನ ಬೇಕಾದಷ್ಟು ನೋಡಿದೀವಿ. ಗುರುತು ಏನಾದ್ರೂ ಇದೆಯಾ?"

ಆಂಬ್ರೋಸನ ಮುಖ ಕೆಂಪೇರಿತು. "ಚಿಕ್ಕವನಿದ್ದಾಗ ಅವನನ್ನ 'ನನ್ನ ಸೊಟ್ಟ ಬಾತುಮರಿ' ಅಂತ ಕರೀತಿದ್ದಳಂತೆ."

ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಗುಂಪಿನ ಹಿಂದೆ ಎತ್ತರದ ಆಳೊಬ್ಬ ಮಾತ್ರ ನಗಲಿಲ್ಲ. ಅವನ ತೋಳಿನಲ್ಲಿ ಕೂಸಿತ್ತು. ಪಕ್ಕದಲ್ಲಿದ್ದ ಹೆಂಡತಿಯ ಭುಜ ಹಿಡಿದುಕೊಂಡು ಅವನು ಸುಮ್ಮನೆ ಅಳುತ್ತಿದ್ದ.

ಮರಳುವಾಗ ಕೂಸಿನೊಂದಿಗೆ ಗಿಡಿಯನ್ನನ ಹೆಂಡತಿ ಕುದುರೆಯ ಮೇಲೆ; ಗಂಡಸರಿಬ್ಬರೂ ನಡಿಗೆ. ಆಂಬ್ರೋಸನ ಕುಂಟು ನೋಡಿ ಗಿಡಿಯನ್ ಒಂದು ಕೋಲು ಕಡಿದುಕೊಟ್ಟ. ಆಮೇಲೆ ಕೇಳಿದ, "ನಮ್ಮನ್ನ ಹಾಗೇ ಇಟ್ಕೊಳ್ಳೋಕೆ ತಾನೆ ನೀನು ಯುದ್ಧ ಮಾಡಿದ್ದು?"

"ಊರಿಗಾಗಿ ಅಂತ ಹೇಳ್ಕೋತಿದ್ದೆ."

"ನಾನೂ ಆ ಊರಿನವನೇ."

ರಾತ್ರಿ ಬೆಂಕಿಯ ಬಳಿ ಗಿಡಿಯನ್ ಜೋಳದ ರೊಟ್ಟಿ ಮುರಿದು ಮೊದಲ ತುಂಡನ್ನು ಆಂಬ್ರೋಸನ ಕಡೆ ಚಾಚಿದ.

ಅವರು ಗುಡಿಸಲು ತಲುಪಿದಾಗ ಕೆಜಾಯ ಕೊಡ ಹೊತ್ತು ನದಿಯಿಂದ ಬರುತ್ತಿದ್ದಳು. ಮಗನನ್ನು ಕಂಡು ಕೊಡ ಇಳಿಸಿ, ಹತ್ತಿರ ಬಂದು ಮೊದಲು ಅವನ ಮುಖ ಸವರಿದಳು, ಆಮೇಲೆ ಭುಜ, ಕೈಬೆರಳು, ಎಲ್ಲ ಇವೆಯೇ ಎಂದು ನೋಡುವಂತೆ. "ಇಷ್ಟುದ್ದ ಬೆಳೆದಿದ್ದೀಯ," ಎಂದಳು. ಆಮೇಲೆ ಮೊಮ್ಮಗನನ್ನು ಎತ್ತಿ ಎದೆಗೊತ್ತಿಕೊಂಡಳು. ಆಂಬ್ರೋಸ್ ದೂರ ಸರಿದು ನದಿಯ ಕಡೆ ಮುಖ ಮಾಡಿ ನಿಂತ.

ಹೊರಡುವಾಗ ಅವನು ಕುದುರೆಯ ಲಗಾಮನ್ನು ಗಿಡಿಯನ್ನನ ಕೈಗಿಡಹೋದ.

"ಬೇಡ. ಮೂರು ಜನರ ಊಟದಷ್ಟು ಮೇವು ತಿನ್ನುತ್ತೆ ಅದು," ಎಂದ ಗಿಡಿಯನ್. "ಉಳುಮೆ ಹೊತ್ತಿಗೆ ತಗೊಂಡು ಬಾ. ನೀನೂ ಬಾ. ನೇಗಿಲು ಹಿಡಿಯೋಕೆ ಬರುತ್ತಾ?"

"ಕಲೀತೀನಿ."

ಕೆಜಾಯ ಧನ್ಯವಾದ ಹೇಳಲಿಲ್ಲ. ಅವನು ನಿರೀಕ್ಷಿಸಲೂ ಇಲ್ಲ. ಅವನೇ ಟೋಪಿ ತೆಗೆದು, "ನನ್ನ ಮನೇಲಿ ಎರಡು ಜೀವ ಉಳಿಸಿದೆ, ಕೆಜಾಯಮ್ಮ. ಬದುಕಿರೋತನಕ ಮರೆಯಲ್ಲ," ಎಂದ. ಅವಳು ತಲೆಯಾಡಿಸಿ, ಕೂಸಿಗೆ ಹಾಲಾಯಿತೇ ಎಂದು ಸೊಸೆಯನ್ನು ಕೇಳುತ್ತ ಒಳಗೆ ಹೋದಳು.

ಮನೆಯಲ್ಲಿ ಲವೀನಿಯಾ ಜಗಲಿಯ ಮೇಲೆ ಮಗುವಿಗೆ ಮೊಲೆ ಕೊಡುತ್ತಿದ್ದಳು. "ಸಿಕ್ಕಿದನಾ?" ಎಂದಳು.

"ಸಿಕ್ಕಿದ. ಹೆಂಡತಿ, ಮಗು ಎಲ್ಲ ಇದ್ದಾರೆ."

ಅವಳು ಕಣ್ಣು ಮುಚ್ಚಿ ದೇವರನ್ನು ನೆನೆದಳು. ಆಂಬ್ರೋಸ್ ಅವಳ ಪಕ್ಕ ಕೂತು, ಹಾಲು ಕುಡಿದು ಮಲಗಿದ ಮಗಳ ಅಂಗಾಲನ್ನು ಹೆಬ್ಬೆರಳಿನಿಂದ ಸವರುತ್ತ, ಬಿಸಿಲು ಇಳಿಯುವವರೆಗೂ ಏಳಲಿಲ್ಲ.